ಚಿಕ್ಕಮಗಳೂರಿನ ಸ್ಟುಡಿಯೋ ಪಿಸಿಗೆ ಯಾವ ಟೇಪ್ ಡ್ರೈವ್ ಕೊಳ್ಳಬೇಕು?

8 ಟಿಬಿ ಮದುವೆ ವಿಡಿಯೋ, ಫೋಟೋ ಎತ್ತಿಡಲು ಸೆಕೆಂಡ್‌ಹ್ಯಾಂಡ್ ಎಲ್‌ಟಿಒ-6 (ಎಲ್‌ಟಿಒ ಎಂಬ ಬ್ಯಾಕಪ್ ಟೇಪ್ ಮಾದರಿಯ ಆರನೇ ತಲೆಮಾರು) ಡ್ರೈವ್ ಸಾಕು. ಕಾರ್ಟ್ರಿಜ್ ಮೇಲಿನ 6.25 ಟಿಬಿ ನಂಬಬೇಡಿ, ಅದು ಡೇಟಾ ಕುಗ್ಗಿಸಿದಾಗಿನ ಲೆಕ್ಕ. ವಿಡಿಯೋ ಮತ್ತೆ ಕುಗ್ಗುವುದಿಲ್ಲ, ಸಿಗುವುದು 2.5 ಟಿಬಿ. ಅಂದರೆ ನಾಲ್ಕು ಟೇಪ್, ಎರಡನೇ ಪ್ರತಿಗೆ ಇನ್ನೂ ನಾಲ್ಕು.

ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸುವ ಸಂಪರ್ಕ) ಟೇಪ್ ಡ್ರೈವ್ ಮದರ್‌ಬೋರ್ಡ್‌ನ ಸಾಟಾ ಪೋರ್ಟ್‌ಗೆ ಕೂರದು. ಡ್ರೈವನ್ನು ಪಿಸಿಗೆ ಜೋಡಿಸುವ ಎಚ್‌ಬಿಎ ಕಾರ್ಡ್ ಹಾಕಿ, ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ರೇಡ್ ಕಾರ್ಡ್ ಬೇಡ. ಟೇಪ್ ಡ್ರೈವ್‌ನ ವೇಗ ಸೆಕೆಂಡಿಗೆ 160 ಎಂಬಿ. ಸಾವಿರಾರು ಸಣ್ಣ ಫೋಟೋಗಳನ್ನು ಹಾರ್ಡ್ ಡಿಸ್ಕ್‌ನಿಂದ ನೇರ ಬರೆದರೆ ಡಿಸ್ಕ್ ಹಿಂದೆ ಬೀಳುತ್ತದೆ. ಟೇಪ್ ನಿಂತು, ಹಿಂದೆ ಸುತ್ತಿ, ಮತ್ತೆ ಓಡುತ್ತದೆ. ಹೆಡ್ಡೂ ಟೇಪೂ ಸವೆಯುವುದು ಹೀಗೆಯೇ. ಮೊದಲು ಎಸ್‌ಎಸ್‌ಡಿಯಲ್ಲಿ ಟಾರ್ ಫೈಲ್ (ಎಲ್ಲವನ್ನೂ ಸೇರಿಸಿದ ಒಂದೇ ದೊಡ್ಡ ಫೈಲ್) ಮಾಡಿ, ಅಲ್ಲಿಂದ ಟೇಪ್‌ಗೆ ಬರೆಯಿರಿ.

ಮುಂದೆ ಎಲ್‌ಟಿಒ-8ಕ್ಕೆ ಹಾರಿದರೆ ಆ ಡ್ರೈವ್ ಈ ಟೇಪ್‌ಗಳನ್ನು ಓದದು, ಎಲ್‌ಟಿಒ-7 ಡ್ರೈವ್ ಓದುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ಕಡ್ಡಾಯ.