ಮೂಳೆ ಟ್ರಂಕಿನಲ್ಲಿದ್ದರೆ ಅನಾಟಮಿ ಹೇಗೆ ಬರುತ್ತೆ?

ಹಾವೇರಿ ಕಡೆಯ ಹುಡುಗಿಯ ಪತ್ರ ಇದು. ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರ್ ಓದು, ಮೊದಲ ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅನಾಟಮಿ, ಅಂದರೆ ದೇಹರಚನೆಯ ಪಾಠ, ಮೊದಲ ಇಂಟರ್ನಲ್ಸ್‌ನಲ್ಲಿ ಫೇಲು. "ಎಷ್ಟು ಬಾಯಿಪಾಠ ಮಾಡಿದ್ರೂ ನರಗಳ ಹೆಸರು ನಿಲ್ಲಲ್ಲ. ಬಿಟ್ಟು ಬಿಎಸ್ಸಿ ಸೇರಲಾ?" ಎಂದು ಕೇಳಿದ್ದಾಳೆ. ಎಂಬಿಬಿಎಸ್ ಸಿಗಲಿಲ್ಲ ಎಂದು ಚಿಕ್ಕಪ್ಪ ಆಡಿಕೊಳ್ಳುವುದನ್ನೇ ಒಂದು ಪುಟ ಬರೆದಿದ್ದಾಳೆ. ಕೆಲವು ಚಿಕ್ಕಪ್ಪಂದಿರು ಇರುವುದೇ ಅದಕ್ಕೆ, ಬಿಡಮ್ಮ.

ನನ್ನ ಕಣ್ಣು ನಿಂತದ್ದು ಕೊನೆಯಲ್ಲಿ ಸುಮ್ನೆ ಸೇರಿಸಿದ ಒಂದು ಸಾಲಿನ ಮೇಲೆ. "ಸೀನಿಯರ್ ಹತ್ರ ಓದೋಕೆ ಬೋನ್ ಸೆಟ್, ಮನುಷ್ಯರ ಮೂಳೆಗಳು, ತಗೊಂಡೆ. ರೂಮ್‌ಮೇಟ್‌ಗೆ ಭಯ, ಅದಕ್ಕೆ ಟವೆಲ್ ಸುತ್ತಿ ಮಂಚದ ಕೆಳಗೆ ಟ್ರಂಕಲ್ಲಿ ಇಟ್ಟಿದ್ದೀನಿ. ಅಮಾವಾಸ್ಯೆ ದಿನ ಅದನ್ನೂ ಹೊರಗಿಡು ಅಂತಾಳೆ."

ಸಿಕ್ಕಿತಲ್ಲ ಕಳ್ಳಿ! ನಿನ್ನನ್ನು ಫೇಲ್ ಮಾಡಿದ್ದು ಅನಾಟಮಿ ಅಲ್ಲ, ಆ ರೂಮ್‌ಮೇಟ್. ನೀನೂ ಸ್ವಲ್ಪ.

ನಾನೂ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ಘಾಟಿಗೆ ಕಣ್ಣೀರು ಸುರಿಸಿಕೊಂಡೇ ಹಲ್ಲಿನ ಡಾಕ್ಟರ್ ಆದವಳು. ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ: ಪಿಡಿಎಫ್ ನೋಡಿ ಕಲಿತದ್ದು ಪರೀಕ್ಷೆ ಹಾಲಿನ ಬಾಗಿಲಲ್ಲೇ ಉಳಿಯುತ್ತದೆ. ಕೈ ಕಲಿತರೆ ಮಾತ್ರ ತಲೆ ಕಲಿಯುತ್ತದೆ.

ಕೆಳದವಡೆ ಕೈಗೆ ತಗೋ. ಹಿಂದೆ ಮೇಲಕ್ಕೆ ಎದ್ದಿರುವ ಭಾಗದ ಒಳಮೈಯಲ್ಲಿ ಬೆರಳಾಡಿಸು. ಒಂದು ತೂತು, ಪಕ್ಕದಲ್ಲಿ ಚೂಪಾದ ಸಣ್ಣ ಚಕ್ಕೆ ಸಿಗುತ್ತದೆ. ಆ ಚಕ್ಕೆಯೇ ಲಿಂಗುಲಾ. ಲ್ಯಾಟಿನ್‌ನಲ್ಲಿ ಪುಟ್ಟ ನಾಲಿಗೆ ಎಂದರ್ಥ, ಅಷ್ಟೇ. ಇನ್‌ಫೀರಿಯರ್ ಆಲ್ವಿಯೋಲಾರ್ ನರ ಆ ತೂತಿನೊಳಗೆ ನುಗ್ಗಿ, ಹಲ್ಲುಗಳ ಕೆಳಗೇ ಸಾಗುತ್ತದೆ. ಅದರ ಒಂದು ಕವಲು ಪ್ರೀಮೋಲಾರ್, ಅಂದರೆ ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ ಕೆಳಗೆ ಇನ್ನೊಂದು ತೂತಿನಿಂದ ಹೊರಬರುತ್ತದೆ. ಅದು ಮೆಂಟಲ್ ಫೊರಾಮೆನ್. ತಲೆಕೆಟ್ಟ ಮೆಂಟಲ್ ಅಲ್ಲ, ಮೆಂಟಮ್ ಅಂದರೆ ಗದ್ದ. ಈ ಲ್ಯಾಟಿನ್ ಕಾನ್ವೆಂಟ್ ಮಕ್ಕಳಿಗೂ ಮನೆಮಾತಲ್ಲ, ಅಲ್ವಾ?

ಕ್ಲಿನಿಕ್‌ಗೆ ಹೋದಾಗ ಕೆಳಹಲ್ಲು ಜೋಮು ಹಿಡಿಸಲು ನೀನು ಸೂಜಿ ಹಾಕುವುದು ಆ ಒಳಗಿನ ತೂತಿನ ಹತ್ತಿರವೇ. "ತುಟಿ ಜೋಮು ಹಿಡೀತು ಡಾಕ್ಟ್ರೇ" ಎಂದರೆ ಜಾಗ ಸರಿ. ಸೂಜಿ ತೀರಾ ಹಿಂದೆ ಹೋಗಿ ಮದ್ದು ಕಿವಿಯ ಹತ್ತಿರದ ಜೊಲ್ಲಿನ ಗ್ರಂಥಿ ಪರೋಟಿಡ್‌ಗೆ ಇಳಿದರೆ, ಅಲ್ಲಿ ಹಾಯುವ ಮುಖದ ನರವೇ ಜೋಮು ಹಿಡಿಯುತ್ತದೆ. ರೋಗಿಯ ಅರ್ಧ ಮುಖ ಜೋತು ಬಿದ್ದು, ಕೆಲವು ಗಂಟೆ ಆ ಕಡೆಯ ಕಣ್ಣೇ ಮುಚ್ಚುವುದಿಲ್ಲ. ಮದ್ದಿನ ಅಮಲು ಇಳಿದ ಮೇಲೆ ಸರಿಹೋಗುತ್ತದೆ ನಿಜ, ಅಲ್ಲಿಯವರೆಗೆ ಅವರ ಮನೆಯವರಿಗೆ ಸಮಾಧಾನ ಹೇಳುವವಳು ನೀನೇ.

ಬಿಎಸ್ಸಿ ಮಾತು ಆಮೇಲೆ. ಇವತ್ತು ರಾತ್ರಿ ಆ ದವಡೆಯನ್ನು ಟ್ರಂಕಿನಿಂದ ತೆಗೆದು ಮೇಜಿನ ಮೇಲಿಡು. ದಿನಾ ಕಣ್ಣು ಮುಚ್ಚಿ ಎರಡೂ ತೂತು ಹುಡುಕು. ರೂಮ್‌ಮೇಟ್ ಕೂಗಾಡಿದರೆ ಟವೆಲ್ ಅವಳಿಗೆ ಕೊಡು, ಮುಖ ಮುಚ್ಚಿಕೊಂಡು ಮಲಗಲಿ. ಎರಡನೇ ಇಂಟರ್ನಲ್ಸ್ ಮುಗಿದ ಮೇಲೆ ಪತ್ರ ಬರಿ.