ನೆಗ್ರಿಲ್‌ನ ಸೂರ್ಯ ನಿಮ್ಮ ವ್ಯಾನಿಗಾಗಿ ಕಾಯುವುದಿಲ್ಲ

ಚಳಿಗಾಲದ ರಜೆ ಹತ್ತಿರವಾದಂತೆ ಅಮೆರಿಕ ಮತ್ತು ಕೆನಡಾದ ಕನ್ನಡಿಗರಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಜಮೈಕಾದ ಒಂದೇ ಪ್ರವಾಸದ ಬಗ್ಗೆ ಇರುತ್ತವೆ. ಮಾಂಟೆಗೊ ಬೇಯಿಂದ ಗೈಡ್ ಜೊತೆ ಹೊರಟು, ನೆಗ್ರಿಲ್‌ನ ಕಡಲತೀರದಲ್ಲಿ ಮಧ್ಯಾಹ್ನ ಕಳೆದು, ವೆಸ್ಟ್ ಎಂಡ್‌ನ ಬಂಡೆಗಳ ಮೇಲಿಂದ ಸೂರ್ಯಾಸ್ತ ನೋಡಿ ರಾತ್ರಿ ಮರಳುವ ಒಂದು ದಿನದ ಪ್ರವಾಸ ಅದು. ಹಲವು ವರ್ಷ ಆ ದಾರಿಯಲ್ಲಿ ಗುಂಪುಗಳನ್ನು ಕರೆದೊಯ್ದಿದ್ದೇನೆ. ಪ್ರತಿ ವರ್ಷವೂ ಅದೇ ಪ್ರಶ್ನೆಗಳು ಅದೇ ತಪ್ಪು ತಿಳಿವಳಿಕೆಯೊಡನೆ ಬರುತ್ತಿರುವುದರಿಂದ ಈ ಸಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಟವೆಲ್ ಒಯ್ಯಬೇಕೇ, ಯಾವ ಚಪ್ಪಲಿ ಹಾಕಿಕೊಳ್ಳಬೇಕು ಎಂದು ಬರೆದವರು ಮನೆಯವರನ್ನೇ ಕೇಳಿಕೊಳ್ಳಬೇಕಾಗಿ ವಿನಂತಿ.

ಪ್ರಶ್ನೆ: ಎರಡು ವರ್ಷಗಳ ಹಿಂದೆ ಕ್ರಿಸ್‌ಮಸ್ ರಜೆಯಲ್ಲಿ ಈ ಪ್ರವಾಸ ಮಾಡಿದೆವು. ವ್ಯಾನು ನಮ್ಮ ರೆಸಾರ್ಟಿಗೆ ಮಧ್ಯಾಹ್ನ 1 ಗಂಟೆಗೆ ಬಂತು. ತೀರದಲ್ಲಿ ಒಂದು ಗಂಟೆಯೂ ಸಿಗಲಿಲ್ಲ, ಸೂರ್ಯಾಸ್ತವನ್ನು ವ್ಯಾನಿನ ಕಿಟಕಿಯಿಂದ ನೋಡಿದೆವು. ಗೈಡ್ ನಮಗೆ ಮೋಸ ಮಾಡಿದ ಎಂದೇ ನಮ್ಮ ಭಾವನೆ. ಈ ಸಲ ಶಿವಮೊಗ್ಗದಿಂದ ಅಪ್ಪ, ಅಮ್ಮ ಬಂದಿದ್ದಾರೆ. ಅಪ್ಪನಿಗೆ ಮೊಣಕಾಲು ನೋವು. ಮೋಸ ಮಾಡದ ಕಂಪನಿ ಯಾವುದು ತಿಳಿಸಿ. (ಎಡಿಸನ್, ನ್ಯೂಜೆರ್ಸಿಯ ಓದುಗರು)

ಉತ್ತರ: ಮೊದಲು ಗೈಡ್ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳಿ. ನೀವು ಕೊಟ್ಟಿರುವ ವೇಳೆಯನ್ನೇ ಹಿಡಿದು ಲೆಕ್ಕ ಹಾಕೋಣ. ನಿಮ್ಮನ್ನು ಹತ್ತಿಸಿಕೊಂಡ ಮೇಲೆ ವ್ಯಾನು ಇನ್ನೂ ಮೂರೋ ನಾಲ್ಕೋ ಹೋಟೆಲುಗಳ ಬಾಗಿಲು ತಟ್ಟಿ ಊರು ಬಿಡುವ ಹೊತ್ತಿಗೆ ಒಂದೂಮುಕ್ಕಾಲು ಆಗಿರುತ್ತದೆ. ಮಾಂಟೆಗೊ ಬೇಯಿಂದ ನೆಗ್ರಿಲ್ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಕರಾವಳಿಯ ರಸ್ತೆ ಹ್ಯಾನೋವರ್ ಪ್ಯಾರಿಷ್‌ನ (ಪ್ಯಾರಿಷ್ ಎಂದರೆ ಅಲ್ಲಿನ ಜಿಲ್ಲೆ) ಮುಖ್ಯ ಪಟ್ಟಣವಾದ ಲೂಸಿಯ ಪೇಟೆಯ ನಡುವೆಯೇ ಹಾದುಹೋಗುತ್ತದೆ. ಕರಪತ್ರಗಳಲ್ಲಿ ಕಾಣುವ ಒಂದೂವರೆ ಗಂಟೆಯ ಲೆಕ್ಕ ಆ ಪೇಟೆ ಖಾಲಿಯಿರುವಾಗಿನದು. ಹಾಗಾಗಿ ನೀವು ಮರಳಿನ ಮೇಲೆ ಕಾಲಿಟ್ಟಾಗ ಮೂರೂವರೆಯಾಗಿರಬೇಕು. ಡಿಸೆಂಬರ್ ಕೊನೆಯ ವಾರದಲ್ಲಿ ನೆಗ್ರಿಲ್‌ನ ಸೂರ್ಯ ಸಂಜೆ 5 ಗಂಟೆ 40 ನಿಮಿಷದ ಆಸುಪಾಸಿನಲ್ಲಿ ಮುಳುಗುತ್ತಾನೆ. ರಜೆಯ ದಿನಗಳಲ್ಲಿ ವೆಸ್ಟ್ ಎಂಡ್‌ನ ಇಕ್ಕಟ್ಟಾದ ರಸ್ತೆಗೆ ಎಲ್ಲರೂ ಒಂದೇ ಹೊತ್ತಿಗೆ ನುಗ್ಗುವುದರಿಂದ, ನಾಲ್ಕೂವರೆಗೆ ತೀರ ಬಿಡದವರಿಗೆ ಬಂಡೆಯ ಮೇಲೆ ನಿಲ್ಲಲು ಜಾಗ ಸಿಗುವುದಿಲ್ಲ. ಅಂದರೆ ನಿಮಗಿದ್ದದ್ದೇ ಒಂದು ಗಂಟೆ, ಅದರಲ್ಲಿ ಬಟ್ಟೆ ಬದಲಿಸಿದ್ದಕ್ಕೆ ಹೋದದ್ದೆಷ್ಟು, ಮಕ್ಕಳನ್ನು ನೀರಿನಿಂದ ಎಬ್ಬಿಸಿದ್ದಕ್ಕೆ ಹೋದದ್ದೆಷ್ಟು ಎಂಬುದು ನಿಮಗೇ ಗೊತ್ತು. ಇದೇ ವ್ಯಾನು ಇದೇ ವೇಳೆಗೆ ಜುಲೈ ತಿಂಗಳಲ್ಲಿ ಬಂದಿದ್ದರೆ ಸೂರ್ಯಾಸ್ತ 6 ಗಂಟೆ 50 ನಿಮಿಷ ದಾಟಿ ಆಗುತ್ತಿತ್ತು, ತೀರದಲ್ಲಿ ನಿಮಗೆ ಎರಡು ಗಂಟೆಗೂ ಮಿಕ್ಕಿ ಸಿಗುತ್ತಿತ್ತು, ನೀವು ಅದೇ ಗೈಡನ್ನು ಹೊಗಳಿ ನನಗೆ ಬರೆಯುತ್ತಿದ್ದಿರಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ, ಟೊರಾಂಟೊದಿಂದ ಬಂದ ಇಪ್ಪತ್ತೆರಡು ಜನರ ಗುಂಪನ್ನು ನವೆಂಬರ್ ಕೊನೆಯಲ್ಲಿ ಬೇಸಿಗೆಯ ವೇಳಾಪಟ್ಟಿಯ ಪ್ರಕಾರ ಕರೆದೊಯ್ದೆ. ವರ್ಷದಲ್ಲಿ ಅಲ್ಲಿ ಸೂರ್ಯ ಅತಿ ಬೇಗ, ಸುಮಾರು 5 ಗಂಟೆ 35 ನಿಮಿಷಕ್ಕೆ, ಮುಳುಗುವ ದಿನಗಳು ಅವೇ ಎಂಬ ಅರಿವು ನನಗಿರಲಿಲ್ಲ. ಅಂದಿನ ಸೂರ್ಯಾಸ್ತ ನಮಗೆ ಸಿಕ್ಕಿದ್ದು ಲೂಸಿಯ ಪೇಟೆಯಲ್ಲಿ, ಒಂದು ಸಿಮೆಂಟ್ ಲಾರಿಯ ಹಿಂದೆ. ಅಂದಿನಿಂದ ನನ್ನ ಲೆಕ್ಕ ಯಾವಾಗಲೂ ಸೂರ್ಯಾಸ್ತದ ನಿಮಿಷದಿಂದ ಹಿಂದಕ್ಕೆ ಎಣಿಸುವ ಲೆಕ್ಕ. ಹೊರಡುವ ವೇಳೆಯಿಂದ ಮುಂದಕ್ಕೆ ಎಣಿಸುವವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತೇನೆ.

ಇನ್ನೊಂದು ಭ್ರಮೆ ನಸುಬೆಳಕಿನದು. ನ್ಯೂಜೆರ್ಸಿಯ ಜೂನ್ ಸಂಜೆಗಳಿಗೆ ಒಗ್ಗಿದವರು ಸೂರ್ಯ ಇಳಿದ ಮೇಲೂ ಬಹಳ ಹೊತ್ತು ಬೆಳಕಿರುತ್ತದೆ, ಐದು ಹತ್ತು ನಿಮಿಷ ತಡವಾದರೆ ಏನೂ ಆಗದು ಎಂದುಕೊಳ್ಳುತ್ತಾರೆ. ಸಮಭಾಜಕದಿಂದ 18 ಡಿಗ್ರಿಯಷ್ಟೇ ಉತ್ತರಕ್ಕಿರುವ ನೆಗ್ರಿಲ್‌ನಲ್ಲಿ ಸೂರ್ಯ ಓರೆಯಾಗಿ ಜಾರುವುದಕ್ಕಿಂತ ಹೆಚ್ಚಾಗಿ ನೇರಕ್ಕೆ ಇಳಿಯುತ್ತಾನೆ. ಬಿಂಬದ ಕೆಳಗಿನ ಅಂಚು ನೀರನ್ನು ಮುಟ್ಟಿದ ಕ್ಷಣದಿಂದ ಮೇಲಿನ ಅಂಚು ಮರೆಯಾಗುವವರೆಗೆ ಹೆಚ್ಚೆಂದರೆ ಎರಡೂವರೆ ನಿಮಿಷ, ಆಮೇಲೆ ಅರ್ಧ ಗಂಟೆಯೊಳಗೆ ಹೆಜ್ಜೆಯಿಡಲು ಟಾರ್ಚ್ ಬೇಕು. ಕಾಪುವಿನಲ್ಲೋ ಮರವಂತೆಯಲ್ಲೋ ಒಂದು ಸಂಜೆಯಾದರೂ ಕುಳಿತಿರುವ ನಿಮ್ಮ ತಂದೆಯವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ, ಹೇಳಿದರೂ ಪ್ರಯೋಜನವಿಲ್ಲ. ಕಾಯ್ದಿರಿಸುವ ಮೊದಲು ಅವರನ್ನು ನೇರವಾಗಿ ಕೇಳಿ: ಎಷ್ಟು ಹೋಟೆಲುಗಳಲ್ಲಿ ಜನರನ್ನು ಹತ್ತಿಸಿಕೊಳ್ಳುತ್ತೀರಿ, ಕೊನೆಯ ಹೋಟೆಲನ್ನು ಎಷ್ಟು ಹೊತ್ತಿಗೆ ಬಿಡುತ್ತೀರಿ, ಡಿಸೆಂಬರ್‌ನಲ್ಲಿ ಬೇಸಿಗೆಗಿಂತ ಬೇಗ ಹೊರಡುತ್ತೀರಾ? ಮೂರನೆಯ ಪ್ರಶ್ನೆಗೆ ತಡವರಿಸುವವರನ್ನು ಬಿಟ್ಟುಬಿಡಿ. ಚಳಿಗಾಲದಲ್ಲಿ ನಿಮ್ಮ ಹೋಟೆಲಿನಿಂದ ಬೆಳಿಗ್ಗೆ 11 ಗಂಟೆಯೊಳಗೆ ಹೊರಡದ ಪ್ರವಾಸಕ್ಕೆ ಹಣ ಕಟ್ಟಬೇಡಿ. ನೀವು ಆರು ಜನರಿರುವುದಾದರೆ ಬೇರೆ ಹೋಟೆಲುಗಳ ಸುತ್ತಾಟವಿಲ್ಲದ ಸ್ವಂತ ವ್ಯಾನೇ ಲೇಸು. ಅದಕ್ಕೆ ಕೆಂಪು ನಂಬರ್ ಪ್ಲೇಟ್ ಇದೆಯೇ ಎಂಬುದನ್ನು ನೋಡಿಯೇ ಹತ್ತಬೇಕು, ಏಕೆಂದರೆ ಜಮೈಕಾದಲ್ಲಿ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯಲು ಪರವಾನಗಿ ಪಡೆದ ವಾಹನಗಳ ಗುರುತು ಅದು. ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ವಾಹನ ಓಡಿಸುತ್ತಾರೆ ಎಂಬ ಧೈರ್ಯದಿಂದ ಬಾಡಿಗೆ ಕಾರು ಹಿಡಿಯುವ ಯೋಚನೆ ಬೇಡ. ಹೋಗುವಾಗ ಹಗಲು, ಬರುವಾಗ 80 ಕಿಲೋಮೀಟರ್ ಕತ್ತಲೆ. ಅದರಲ್ಲೂ ಮನೆಯವರೆಲ್ಲ ಹಿಂದೆ ನಿದ್ದೆ ಹೋಗಿರುತ್ತಾರೆ.

ಇನ್ನು ನಿಮ್ಮ ತಂದೆಯವರ ಮೊಣಕಾಲಿನ ವಿಷಯ. ವೆಸ್ಟ್ ಎಂಡ್ ಎಂದರೆ ಸುಣ್ಣಕಲ್ಲಿನ ಕಡಿದಾದ ದಂಡೆ, ಮೆಟ್ಟಿಲುಗಳು, ನೂಕುನುಗ್ಗಲು. ಅಲ್ಲಿನ ರಿಕ್ಸ್ ಕೆಫೆ 1974ರಲ್ಲಿ ಆರಂಭವಾದಾಗಿನಿಂದ ಸೂರ್ಯಾಸ್ತವನ್ನು ಅಲ್ಲಿಂದಲೇ ನೋಡಬೇಕೆಂಬ ನಂಬಿಕೆ ಬೆಳೆದುಬಿಟ್ಟಿದೆ. ಆದರೆ ನೀವು ಮಧ್ಯಾಹ್ನ ಕಳೆಯುವ ನೆಗ್ರಿಲ್‌ನ ಕಡಲತೀರ, ಸೆವೆನ್ ಮೈಲ್ ಬೀಚ್, ಪಶ್ಚಿಮಕ್ಕೇ ಮುಖಮಾಡಿರುವ ತೀರ. ಡಿಸೆಂಬರ್‌ನಲ್ಲಿ ಸೂರ್ಯ ನಿಮ್ಮ ಎಡಕ್ಕೆ ಸರಿದು, ಜೂನ್‌ನಲ್ಲಿ ಬಲಕ್ಕೆ ಸರಿದು ಮುಳುಗುತ್ತಾನೆ, ಆದರೆ ಎರಡೂ ಕಾಲದಲ್ಲಿ ಸಮುದ್ರಕ್ಕೇ ಇಳಿಯುತ್ತಾನೆ. ತೀರದ ನಡುಭಾಗದಲ್ಲಿ ಕುರ್ಚಿ ಹಾಕಿ ಕುಳಿತವರಿಗೆ ಕಾಣದ್ದು ಬಂಡೆಯ ಮೇಲೆ ನಿಂತವರಿಗೆ ಕಾಣುವುದೂ ಇಲ್ಲ. ಬಂಡೆಯ ಭೇಟಿಯನ್ನು ಪೂರ್ತಿ ಕೈಬಿಟ್ಟರೆ ನಿಮಗೆ ತೀರದಲ್ಲಿ ಒಂದು ಗಂಟೆ ಹೆಚ್ಚು ಉಳಿಯುತ್ತದೆ. ನನ್ನ ತಂದೆ ತಾಯಿ ಬಂದಿದ್ದಾಗ ನಾನು ಮಾಡಿದ್ದು ಇದನ್ನೇ, ಅಂದಿನ ಗುಂಪಿನ ಉಳಿದವರು ಮುನಿಸಿಕೊಂಡರೂ ಸರಿಯೇ ಎಂದುಕೊಂಡು.

ಪ್ರಶ್ನೆ: ನಮ್ಮ ಕ್ರೂಸ್ ಹಡಗು ಫಾಲ್ಮತ್ ಬಂದರಿನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ನೆಗ್ರಿಲ್ ಸೂರ್ಯಾಸ್ತ ನೋಡಿ ಬರಬಹುದೇ?

ಉತ್ತರ: ಐದು ಗಂಟೆಗೆ ಹೊರಡುವ ಹಡಗಿನವರು ಐದೂಮುಕ್ಕಾಲಿನ ಸೂರ್ಯನನ್ನು ಎರಡು ಗಂಟೆಗೂ ಹೆಚ್ಚಿನ ದಾರಿಯಾಚೆ ಹುಡುಕುವುದು ಹೇಗೆಂದು ನೀವೇ ಯೋಚಿಸಿ. ಬೇಸಿಗೆಯಲ್ಲಂತೂ ಇನ್ನೂ ಕಷ್ಟ. ಜಮೈಕಾ ಗಡಿಯಾರವನ್ನು ಬೇಸಿಗೆಗೆಂದು ಮುಂದಿಡುವುದಿಲ್ಲ, ಮಯಾಮಿ ಮುಂದಿಡುತ್ತದೆ. ಹಡಗು ಮಯಾಮಿಯ ವೇಳೆಯನ್ನೇ ಉಳಿಸಿಕೊಂಡಿದ್ದರೆ ನಿಮ್ಮ ಕೈಗಡಿಯಾರಕ್ಕೂ ದಡದ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನೀವಾಗಿಯೇ ಹಿಡಿದ ವ್ಯಾನು ತಡವಾದರೆ ಕಾಯುವುದಿಲ್ಲ. ಡೆಕ್ ಮೇಲಿಂದ ನೋಡಿ, ಅದೇ ಸೂರ್ಯ.

ಪ್ರಶ್ನೆ: ವೆಸ್ಟ್ ಎಂಡ್ ಬಂಡೆಯಿಂದ ಸಮುದ್ರಕ್ಕೆ ಜಿಗಿಯುವ ಆಸೆಯಿದೆ. ನೀರಿಗೆ ಬಿದ್ದರೆ ಏನೂ ಆಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಈಜು ಸುಮಾರಾಗಿ ಬರುತ್ತದೆ.

ಉತ್ತರ: ಅಲ್ಲಿನ ಅತಿ ಎತ್ತರದ ಜಿಗಿತ ಸುಮಾರು 35 ಅಡಿ. ಅಷ್ಟು ಎತ್ತರದಿಂದ ಬಿದ್ದವರು ಒಂದೂವರೆ ಸೆಕೆಂಡಿನಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ನೀರಿಗೆ ಅಪ್ಪಳಿಸುತ್ತಾರೆ. ಕಾಲು ಕೂಡಿಸಿ ನೆಟ್ಟಗೆ ಇಳಿದವರಿಗೆ ಅದು ನೀರು, ಬೆನ್ನು ಕೊಟ್ಟು ಬಿದ್ದವರಿಗೆ ಹೆಚ್ಚುಕಡಿಮೆ ನೆಲ. ಗಾಳಿಯಲ್ಲಿ ಮನಸ್ಸು ಬದಲಿಸಿ ಬೆನ್ನಡಿಯಾಗಿ ಬಿದ್ದ ಒಬ್ಬ ಯುವಕನನ್ನು ಮೇಲೆ ತರುವುದಕ್ಕೆ ನಾನೂ ಕೈಜೋಡಿಸಿದ್ದೇನೆ. ಅವನು ಬದುಕಿದ, ಆದರೆ ಆ ರಾತ್ರಿ ವಾಹನದಲ್ಲಿ ಕೂರಲಾಗದೆ ಸೀಟುಗಳ ನಡುವೆ ಮಲಗಿಯೇ ಬಂದ. ಅಂದಿನಿಂದ ನನ್ನ ಗುಂಪಿನವರು ಜಿಗಿಯುವುದನ್ನು ನಾನು ಒಪ್ಪುವುದಿಲ್ಲ. ಇದನ್ನು ಪುಕ್ಕಲುತನವೆಂದು ಕರೆಯುವವರು ಕರೆಯಲಿ. ಸುಮಾರಾಗಿ ಈಜು ಬರುವವರು ತೀರದ ಆಳವಿಲ್ಲದ ನೀರಿನಲ್ಲೂ ಲೈಫ್ ಜಾಕೆಟ್ ಹಾಕಿಕೊಳ್ಳಬೇಕೆಂಬುದು ನನ್ನ ಮಾತು.

ಪ್ರಶ್ನೆ: ನಾನು ಎಚ್-1ಬಿ ಕೆಲಸದ ವೀಸಾ ಮೇಲೆ ಡಲ್ಲಾಸ್‌ನಲ್ಲಿದ್ದೇನೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದೆ, ಅಮೆರಿಕದಲ್ಲಿ ಇರಲು ಕೊಟ್ಟ ಅವಧಿಯ ದಾಖಲೆಯಾದ ಐ-94 ಸರಿಯಾಗಿದೆ. 30 ದಿನದೊಳಗೆ ಮರಳಿದರೆ ತೊಂದರೆಯಿಲ್ಲ ಎಂದು ಗೆಳೆಯರೊಬ್ಬರು ಹೇಳಿದರು.

ಉತ್ತರ: ನಿಮ್ಮ ಗೆಳೆಯರು ಅರ್ಧ ನಿಯಮ ಓದಿದ್ದಾರೆ. ಆ ರಿಯಾಯಿತಿ ನಿಮಗೆ ಅನ್ವಯಿಸುವುದು ಕೆನಡಾ ಮತ್ತು ಮೆಕ್ಸಿಕೊಗೆ ಮಾತ್ರ. ಜಮೈಕಾ ಮುಂತಾದ ಸಮೀಪದ ದ್ವೀಪಗಳಿಗೆ ಅದು ಸಿಗುವುದು ಎಫ್ ಮತ್ತು ಜೆ ವೀಸಾದಲ್ಲಿರುವ ವಿದ್ಯಾರ್ಥಿಗಳಿಗೆ ಮತ್ತು ವಿನಿಮಯ ಸಂದರ್ಶಕರಿಗೆ. ಹೊಸ ಮುದ್ರೆಯಿಲ್ಲದೆ ಹೊರಟರೆ ಸೂರ್ಯಾಸ್ತವನ್ನು ನೋಡುತ್ತೀರಿ, ಡಲ್ಲಾಸ್ ವಿಮಾನ ಹತ್ತಲು ಮಾತ್ರ ಬಿಡುವುದಿಲ್ಲ. ಕ್ರೂಸ್‌ನಲ್ಲಿ ಹೋದರೂ ಇದೇ ಮಾತು. ಹೊರಡುವ ಮೊದಲು ವಲಸೆ ವಕೀಲರನ್ನು ಕೇಳಿ, ಪಾರ್ಟಿಯಲ್ಲಿ ಸಿಕ್ಕವರನ್ನಲ್ಲ.

ಪ್ರಶ್ನೆ: ಗಾಂಜಾ ಅಲ್ಲಿ ಕಾನೂನುಬದ್ಧವಂತೆ, ಹೌದೇ?

ಉತ್ತರ: ಅಲ್ಲ. 2015ರ ತಿದ್ದುಪಡಿಯ ಮೇಲೆ ಎರಡು ಔನ್ಸ್‌ವರೆಗೆ ಇಟ್ಟುಕೊಂಡವರಿಗೆ ಜೈಲಿನ ಬದಲು ಸಣ್ಣ ದಂಡ ಎಂದಾಗಿದೆ, ಅಷ್ಟೇ. ಅದನ್ನು ಗಡಿ ದಾಟಿಸುವುದು ಅಪರಾಧವೇ, ಮತ್ತು ಅಮೆರಿಕದ ವಲಸೆ ಅಧಿಕಾರಿಯೆದುರು ಜಮೈಕಾದ ದಂಡದ ಪಟ್ಟಿ ನಿಮ್ಮನ್ನು ಕಾಪಾಡುವುದಿಲ್ಲ.

ಪ್ರಶ್ನೆ: ತೀರದಲ್ಲಿ ಮಾರುವ ಬೇರಿನ ಕಷಾಯ ಕುಡಿದರೆ ಬಿಪಿ, ಸಕ್ಕರೆ ಎರಡೂ ಇಳಿಯುತ್ತವೆ ಎಂದು ಮಾರುವವರು ಹೇಳಿದರು. ಅತ್ತೆಯವರಿಗೆ ಕೊಡಬಹುದೇ?

ಉತ್ತರ: ರೂಟ್ಸ್ ಎಂದು ಕರೆಯುವ ಆ ಕಷಾಯ ಜಮೈಕಾದವರು ತಲೆಮಾರುಗಳಿಂದ ಕುಡಿದುಕೊಂಡು ಬಂದಿರುವ ಪಾನೀಯ, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಲೇಬಲ್ ಇಲ್ಲದ ಬಾಟಲಿ ಹಿಡಿದು ಮರಳಿನ ಮೇಲೆ ವೈದ್ಯರಾಗುವವರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅವರನ್ನು ನಂಬಿ ಮಾತ್ರೆ ನುಂಗುತ್ತಿರುವ ಹಿರಿಯರಿಗೆ ಕುಡಿಸುವವರ ಬಗ್ಗೆ. ಕೊಡಬೇಡಿ. ಅಂಬಲಿಮೀನು (ಜೆಲ್ಲಿಫಿಶ್) ಕಚ್ಚಿದರೆ ಮೂತ್ರ ಹಾಕಬೇಕೆಂಬುದೂ ಇದೇ ಜಾತಿಯ ವೈದ್ಯ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿಕೊಂಡ ಎಳೆಗಳನ್ನು ಚಿಮುಟದಿಂದ ತೆಗೆದು, ತಾಳಬಲ್ಲಷ್ಟು ಬಿಸಿನೀರಿನಲ್ಲಿ ಅದ್ದಿ, ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಸೆವೆನ್ ಮೈಲ್ ಬೀಚ್ ನಿಜವಾಗಿ ಏಳು ಮೈಲಿ ಇಲ್ಲವಂತಲ್ಲ?

ಉತ್ತರ: ಇಲ್ಲ, ಸುಮಾರು ನಾಲ್ಕು ಮೈಲಿ. ನಿಮಗೆ ಸಿಗುವ ಮೂರು ಗಂಟೆಯಲ್ಲಿ ಅದೂ ಹೆಚ್ಚೇ.

ಪ್ರಶ್ನೆ: ಮೆಲಿಸ್ಸಾ ಚಂಡಮಾರುತದ ನಂತರ ಹೋಗುವುದು ಸರಿಯೇ?

ಉತ್ತರ: 2025ರ ಅಕ್ಟೋಬರ್ 28ರಂದು ಐದನೇ ವರ್ಗದ ಆ ಚಂಡಮಾರುತ ದಡ ಮುಟ್ಟಿದ್ದು ವೆಸ್ಟ್‌ಮೋರ್‌ಲ್ಯಾಂಡ್ ಪ್ಯಾರಿಷ್‌ನ ನ್ಯೂ ಹೋಪ್ ಬಳಿ, ನೆಗ್ರಿಲ್ ಇರುವುದೂ ಅದೇ ಪ್ಯಾರಿಷ್‌ನಲ್ಲಿ. ಪಶ್ಚಿಮ ಜಮೈಕಾದ ಮನೆಮಠಗಳಿಗೆ ಆದ ಹಾನಿ ದೊಡ್ಡದು. ಪ್ರವಾಸಿಗರ ಹಣವನ್ನೇ ನಂಬಿರುವ ಊರಿಗೆ ಹೋಗುವುದರಲ್ಲಿ ಸಂಕೋಚವೇನೂ ಬೇಡ. ನಿಮ್ಮ ಪಟ್ಟಿಯಲ್ಲಿರುವ ಜಾಗ ತೆರೆದಿದೆಯೇ ಎಂದು ಹೊರಡುವ ವಾರ ಫೋನ್ ಮಾಡಿ ಕೇಳಿ, ಹೋದ ಮೇಲೆ ಟಿಪ್ಸ್ ಕೊಡುವಾಗ ಚೌಕಾಸಿ ಮಾಡಬೇಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅನ್ನ ಮತ್ತು ಕಾಳು ಎಂದು ಮೆನುವಿನಲ್ಲಿರುವುದನ್ನು ಕಣ್ಣುಮುಚ್ಚಿ ತಿನ್ನಬಹುದೇ?

ಉತ್ತರ: ಕಣ್ಣುಮುಚ್ಚಿ ಏನನ್ನೂ ತಿನ್ನಬೇಡಿ. ತೆಂಗಿನ ಹಾಲಿನಲ್ಲಿ ಬೇಯಿಸುವ ಆ ಅನ್ನಕ್ಕೆ ಕೆಲವು ಅಡುಗೆಮನೆಗಳಲ್ಲಿ ಉಪ್ಪುಹಾಕಿದ ಮಾಂಸದ ತುಂಡು ಬೀಳುತ್ತದೆ. ಜಮೈಕಾದ ರಾಸ್ತಫಾರಿ ಪಂಥದವರ ಐಟಲ್ ಅಡುಗೆ ಎಂಬ ಫಲಕವಿರುವ ಪುಟ್ಟ ಹೋಟೆಲನ್ನು ಗೈಡ್ ಹತ್ತಿರ ಕೇಳಿ ಹುಡುಕಿ. ಅಲ್ಲಿ ಮಾಂಸವಿರುವುದಿಲ್ಲ, ಹಲವು ಕಡೆ ಉಪ್ಪೂ ಇರುವುದಿಲ್ಲ, ಆದ್ದರಿಂದ ಉಪ್ಪಿನಕಾಯಿಯ ಪೊಟ್ಟಣವೊಂದು ಜೊತೆಗಿರಲಿ. ಕಲಲೂ ಎಂದು ಅವರು ಬಡಿಸುವ ಪಲ್ಯ ನಿಮಗೆ ಪರಿಚಿತವೆನಿಸಿದರೆ ಆಶ್ಚರ್ಯಪಡಬೇಡಿ, ಅದು ನಮ್ಮ ಹರಿವೆ ಸೊಪ್ಪಿನ ಕುಲದ್ದೇ.