ಆಪ್ತಸಲಹೆ ಪ್ರಕರಣ: ಆಟ ಆಡುವವನೋ, ಆಟ ಕಟ್ಟುವವನೋ

ಈ ಪ್ರಕರಣವನ್ನು ವಿದ್ಯಾರ್ಥಿ ಮತ್ತು ಆತನ ತಂದೆತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ಕಾಲೇಜು ಮತ್ತು ಉದ್ಯೋಗದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರದ ತೂಕ ಯಾವ ಸಂಗತಿಗಳ ಮೇಲೆ ನಿಂತಿತ್ತೋ ಅವನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ.

ವಿದ್ಯಾರ್ಥಿಗೆ 20 ವರ್ಷ. ಕಂಪ್ಯೂಟರ್ ಎಂಜಿನಿಯರಿಂಗ್ ಮೂರನೆಯ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿದ್ದ. ವಿಜಯಪುರ ಜಿಲ್ಲೆಯಿಂದ ಬಂದು ಪುಣೆಯ ಭೋಸರಿಯಲ್ಲಿ ನೆಲೆಸಿದ ಕುಟುಂಬ. ತಂದೆ ಅಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಯಂತ್ರಶಾಲೆಯೊಂದರಲ್ಲಿ ಸೂಪರ್‌ವೈಸರ್. ಗಣೇಶೋತ್ಸವ ಮುಗಿದ ವಾರ ತಂದೆ ಮಗ ಇಬ್ಬರೂ ನನ್ನಲ್ಲಿಗೆ ಬಂದಾಗ, ಮಗ ಎಂಜಿನಿಯರಿಂಗ್ ಬಿಟ್ಟು 18 ತಿಂಗಳ ಗೇಮ್ ಡೆವಲಪ್‌ಮೆಂಟ್ ತರಬೇತಿಗೆ ಸೇರುವುದಾಗಿ ಮನೆಯಲ್ಲಿ ಹೇಳಿ ಹನ್ನೆರಡು ದಿನಗಳಾಗಿದ್ದವು. ತರಬೇತಿಯ ಶುಲ್ಕ 5 ಲಕ್ಷ 80 ಸಾವಿರ ರೂಪಾಯಿ. ದಸರೆಯೊಳಗೆ ಮುಂಗಡ ಕಟ್ಟಿದರೆ 50 ಸಾವಿರ ರಿಯಾಯಿತಿ ಎಂದು ಸಂಸ್ಥೆಯವರು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು.

ಮೊದಲ ಭೇಟಿಯಲ್ಲಿ ಹೆಚ್ಚಾಗಿ ಮಾತನಾಡಿದವರು ತಂದೆ. "ನಾ ಇಪ್ಪತ್ತ ವರ್ಷ ಮಷೀನ್ ಮುಂದ ನಿಂತೀನ್ರೀ ಮೇಡಂ. ಇಂವ ಕುಂತು ಕೆಲಸ ಮಾಡಲಿ ಅಂತ ಓದಸಾಕತ್ತೀನಿ. ಇಂವ ನೋಡಿದ್ರ ರಾತ್ರಿಯೆಲ್ಲಾ ಗೇಮ್, ಗೇಮ್, ಗೇಮ್. ಸರಕಾರದವರೇ ಗೇಮ್ ಬಂದ್ ಮಾಡ್ಯಾರಲ್ರೀ?" ಎಂದರು. ಮಗ ತಲೆ ಎತ್ತಲಿಲ್ಲ. ತಂದೆಯ ಈ ಮಾತಿನಲ್ಲಿ ಮೂರು ಬೇರೆಬೇರೆ ಸಂಗತಿಗಳು 'ಗೇಮ್' ಎಂಬ ಒಂದೇ ಪದದೊಳಗೆ ಸೇರಿಕೊಂಡಿದ್ದವು: ಆಟ ಆಡುವುದು, ಆಟ ತಯಾರಿಸುವುದು ಮತ್ತು ಹಣ ಹೂಡಿ ಆಡುವ ಜೂಜಿನಂಥ ಆಟ. ಇವನ್ನು ಬಿಡಿಸದೆ ಮುಂದಿನ ಮಾತು ಸಾಧ್ಯವಿರಲಿಲ್ಲ.

ಕೊನೆಯದನ್ನು ಅಲ್ಲಿಯೇ ಬಿಡಿಸಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆಟಗಳನ್ನು. ಹಣದ ಪಣವಿಲ್ಲದ ಆಟಗಳನ್ನು ತಯಾರಿಸುವುದಕ್ಕೆ ಅದು ಅಡ್ಡಿಯಲ್ಲ, ಇ-ಸ್ಪೋರ್ಟ್ಸ್‌ನಂಥವಕ್ಕೆ ಉತ್ತೇಜನ ಕೊಡುವ ಮಾತೂ ಅದರಲ್ಲಿದೆ. ಆಡುವ ಗೀಳಿನ ಪ್ರಶ್ನೆಗೆ ಮಾತ್ರ ಹೆಚ್ಚು ಎಚ್ಚರ ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 'ಗೇಮಿಂಗ್ ಡಿಸಾರ್ಡರ್' ಅನ್ನು ಕಾಯಿಲೆಯೆಂದೇ ಗುರುತಿಸುತ್ತದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಯುವುದು, ಮತ್ತು ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡಿರುವುದು ಅದರ ಲಕ್ಷಣ. ಇವು ಇದ್ದಿದ್ದರೆ ನನ್ನ ಸಲಹೆ ಬೇರೆಯೇ ಆಗುತ್ತಿತ್ತು. 2014ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದ ಇಂಥವರಿಗಾಗಿ 'ಶಟ್' ಚಿಕಿತ್ಸಾಲಯ ನಡೆಯುತ್ತಿದೆ. ಅಂಥ ಕಡೆಗೆ ಕಳಿಸಬೇಕಾದವರನ್ನು ವೃತ್ತಿ ಆಯ್ಕೆಯ ಚರ್ಚೆಯಲ್ಲಿ ಕೂರಿಸಿಕೊಳ್ಳುವುದು ಅನ್ಯಾಯ. ಆದರೆ ಒಂದು ವಾರದ ದಿನಚರಿಯನ್ನು ಗಂಟೆಗಂಟೆಗೆ ಬರೆದು ತರಲು ಹೇಳಿದಾಗ ಸಿಕ್ಕ ಚಿತ್ರ ಬೇರೆಯಾಗಿತ್ತು. ವಾರದಲ್ಲಿ ಆಡಿದ್ದು ಮೂರು ಗಂಟೆ; ಕೋಡ್ ಬರೆದಿದ್ದು, ತಿದ್ದಿದ್ದು, ಕಲಿಕೆಯ ವೀಡಿಯೊ ನೋಡಿದ್ದು ಮೂವತ್ತೊಂದು ಗಂಟೆ. ಕಾಲೇಜಿನ ಓದಿಗೆ ಕೊಟ್ಟಿದ್ದು ಎರಡೇ ಗಂಟೆ.

ಆ ಎರಡು ಗಂಟೆಯ ಜಾಡು ಹಿಡಿದು ಎರಡನೆಯ ಭೇಟಿಯಲ್ಲಿ ಆತನೊಬ್ಬನೊಂದಿಗೆ ಮಾತನಾಡಿದೆ. ಎರಡನೆಯ ವರ್ಷದ ಎಂ-3, ಅಂದರೆ ಮೂರನೆಯ ಗಣಿತ ಪತ್ರಿಕೆ, ಮತ್ತು ಕಂಪ್ಯೂಟರ್ ಗ್ರಾಫಿಕ್ಸ್ ಎರಡೂ ಪಾಸಾಗದೆ ಉಳಿದಿದ್ದವು. ಎ.ಟಿ.ಕೆ.ಟಿ.ಯಲ್ಲಿ, ಅಂದರೆ ಉಳಿದ ವಿಷಯಗಳನ್ನು ಹೊತ್ತುಕೊಂಡೇ, ಮೂರನೆಯ ವರ್ಷಕ್ಕೆ ಬಂದಿದ್ದ. ಆತನ ಕಾಲೇಜಿನ ನಿಯಮದಂತೆ ಬೇಸಿಗೆಯೊಳಗೆ ಇವೆರಡೂ ಪಾಸಾಗದಿದ್ದರೆ ಅಂತಿಮ ವರ್ಷಕ್ಕೆ ಪ್ರವೇಶವಿಲ್ಲ. ಪುಣೆಯ ಹುಡುಗರು 'ವೈ.ಡಿ.' ಎನ್ನುತ್ತಾರಲ್ಲ, ಆ ವರ್ಷ ಕೈತಪ್ಪುವ ಸ್ಥಿತಿ. ಮನೆಯಲ್ಲಿ ಒಂದು ವಿಷಯ ಉಳಿದಿರುವುದು ಮಾತ್ರ ಗೊತ್ತಿತ್ತು. "ವೈ.ಡಿ. ಆಯ್ತು ಅಂತ ಅಪ್ಪಗ ಹ್ಯಾಂಗ ಹೇಳಲಿ ಮೇಡಂ? ನಾನs ಬಿಟ್ಟೆ ಅಂದ್ರ ಒಂದು ಮರ್ಯಾದಿ ಇರತೈತಿ" ಎಂದ.

ಈ ಪ್ರಕರಣದ ತಿರುಳು ಈ ಮಾತಿನಲ್ಲಿತ್ತು ಎಂದು ನಾನು ತಿಳಿಯುತ್ತೇನೆ. ತರಬೇತಿಯ ಆಸೆ ಸುಳ್ಳಾಗಿರಲಿಲ್ಲ. ಆದರೆ ಈಗಲೇ, ದಸರೆಯೊಳಗೆ, ಕಾಲೇಜು ಬಿಟ್ಟೇ ಸೇರಬೇಕೆಂಬ ಅವಸರ ಆ ಆಸೆಯಿಂದ ಹುಟ್ಟಿದ್ದಲ್ಲ, ನಪಾಸಾಗುವ ಅವಮಾನದಿಂದ ಹುಟ್ಟಿದ್ದು. ಓಡಿಹೋಗುವ ದಾರಿಯೂ ಸೇರಬೇಕಾದ ದಾರಿಯೂ ಒಂದೇ ದಿಕ್ಕಿನಲ್ಲಿ ಕಂಡಾಗ ಯಾವುದು ಯಾವುದೆಂದು ಇಪ್ಪತ್ತರ ವಯಸ್ಸಿನಲ್ಲಿ ಒಬ್ಬನೇ ಬಿಡಿಸಿಕೊಳ್ಳುವುದು ಸುಲಭವಲ್ಲ. ಇದನ್ನು ನಾನು ಆತನಿಗೆ ಹೇಳಲಿಲ್ಲ. ಆ ಎರಡು ಪತ್ರಿಕೆ ಈಗಾಗಲೇ ಪಾಸಾಗಿವೆ ಎಂದುಕೊಂಡರೆ ಆಗಲೂ ಈ ತಿಂಗಳೇ ಕಾಲೇಜು ಬಿಡುತ್ತೀಯಾ ಎಂದು ಮಾತ್ರ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಇಲ್ಲ" ಎಂದ.

ಮೂರನೆಯ ಭೇಟಿಗೆ ತಾನು ಮಾಡುತ್ತಿರುವ ಆಟವನ್ನು ಲ್ಯಾಪ್‌ಟಾಪ್‌ನಲ್ಲಿ ತಂದಿದ್ದ. ಊರಿನ ತೋಟದಲ್ಲಿ ರಾತ್ರಿ ಮಾವಿನಕಾಯಿ ಕದಿಯುವ ಹುಡುಗ, ಬ್ಯಾಟರಿ ಹಿಡಿದು ತಿರುಗುವ ಕಾವಲುಗಾರ. ಬೆಳಕಿಗೆ ಸಿಗದೆ ಐದು ಕಾಯಿ ಕಿತ್ತು ಬೇಲಿ ದಾಟಬೇಕು. ಹುಡುಗನೆಂದರೆ ನೀಲಿಯ ಒಂದು ಗುಳಿಗೆಯ ಆಕಾರ, ಕಾವಲುಗಾರನೆಂದರೆ ಕೆಂಪು ಗುಳಿಗೆ. ಆಟ ತಯಾರಿಸುವ ಯೂನಿಟಿ ತಂತ್ರಾಂಶದಲ್ಲಿ ಮೊದಲೇ ಸಿಗುವ ಆಕಾರಗಳವು. ಗಿಡಗಳು ಉದ್ದನೆಯ ಪೆಟ್ಟಿಗೆಗಳು. ಒಂಬತ್ತು ತಿಂಗಳಲ್ಲಿ ಆತ ಒಂದು ಮುಖ ಬರೆದಿರಲಿಲ್ಲ, ಒಂದು ಎಲೆಗೆ ಬಣ್ಣ ಹಾಕಿರಲಿಲ್ಲ. ಆ ಸಮಯವೆಲ್ಲ ಹೋಗಿದ್ದು ಕಾವಲುಗಾರನ ಕಣ್ಣಿಗೆ. ಹುಡುಗ ಬೆಳಕಿನ ಕೋನದೊಳಗೆ ಇದ್ದಾನೆಯೇ, ನಡುವೆ ಗಿಡ ಅಡ್ಡವಿದೆಯೇ, ಒಂದು ಕ್ಷಣ ಕಂಡು ಮರೆಯಾದರೆ ಕಾವಲುಗಾರ ಎಲ್ಲಿ ಹುಡುಕಬೇಕು, ಎಷ್ಟು ಹೊತ್ತಿಗೆ ಸಂಶಯ ಬಿಟ್ಟು ಹಿಂದಿರುಗಬೇಕು ಎಂಬುದನ್ನು ನಲವತ್ತು ನಿಮಿಷ ವಿವರಿಸಿದ. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್, ಅಷ್ಟರೊಳಗೆ ಆರು ಕಾವಲುಗಾರರ ಲೆಕ್ಕ ಮುಗಿಯದಿದ್ದುದಕ್ಕೆ ಯಾರನ್ನು ಯಾವಾಗ ಪರೀಕ್ಷಿಸಬೇಕೆಂಬ ಸರದಿಯನ್ನು ತಾನೇ ಹೊಂದಿಸಿದ್ದ. ಕೋನದ ಲೆಕ್ಕ ಹೇಗೆ ಎಂದು ಕೇಳಿದೆ. ಕಾವಲುಗಾರ ನೋಡುವ ದಿಕ್ಕು ಒಂದು ಸದಿಶ (ವೆಕ್ಟರ್), ಆತನಿಂದ ಹುಡುಗನ ಕಡೆಗಿನ ದಿಕ್ಕು ಇನ್ನೊಂದು, ಅವೆರಡೂ ಎಷ್ಟು ಒಂದೇ ಕಡೆಗಿವೆ ಎಂದು ಹೇಳುವ ಗುಣಲಬ್ಧ, ಅಂದರೆ ಡಾಟ್ ಪ್ರಾಡಕ್ಟ್, ಇಂತಿಷ್ಟಕ್ಕಿಂತ ಹೆಚ್ಚಿದ್ದರೆ ಕಂಡಂತೆ ಎಂದು ನನ್ನ ಕಾಗದದ ಅಂಚಿನಲ್ಲಿಯೇ ಗೀಚಿ ತೋರಿಸಿದ. ಗಣಿತದಲ್ಲಿ ನಪಾಸಾದ ಹುಡುಗನ ಕೈಬರಹ ಅದು. ಆ ಕಾಗದವನ್ನು ಕಡತದಲ್ಲಿ ಹಾಗೆಯೇ ಇಟ್ಟಿದ್ದೇನೆ.

ನಂತರ ಸಂಸ್ಥೆಯ ಪಠ್ಯಕ್ರಮವನ್ನು ಇಬ್ಬರೂ ಸಾಲು ಸಾಲಾಗಿ ಓದಿದೆವು. ಹದಿನೆಂಟು ತಿಂಗಳಲ್ಲಿ ಹದಿಮೂರು ತಿಂಗಳು ತ್ರೀಡಿ ಮಾಡೆಲಿಂಗ್, ಟೆಕ್ಸ್ಚರ್, ಲೈಟಿಂಗ್, ಅನಿಮೇಷನ್. ಪ್ರೋಗ್ರಾಮಿಂಗ್‌ಗೆ ಇದ್ದುದು ಮೂರು ತಿಂಗಳು, ಅದರಲ್ಲಿಯೂ ಬಹುಪಾಲು ಆತ ಆಗಲೇ ದಾಟಿ ಬಂದದ್ದು. ಗೇಮ್ ಡೆವಲಪ್‌ಮೆಂಟ್ ಒಂದೇ ಕೆಲಸವಲ್ಲ. ಚಿತ್ರಕಾರರು, ವಿನ್ಯಾಸಕಾರರು, ಪ್ರೋಗ್ರಾಮರ್‌ಗಳು, ದೋಷ ಹುಡುಕುವ ಪರೀಕ್ಷಕರು ಒಂದೇ ಸೂರಿನಡಿ ದುಡಿಯುವ ಬೇರೆಬೇರೆ ಕಸುಬಿನವರು. ಆತ ಸೇರಲು ಹೊರಟಿದ್ದು ಚಿತ್ರಕಾರರ ತರಬೇತಿಗೆ. ಆತ ಒಂಬತ್ತು ತಿಂಗಳು ತನಗರಿವಿಲ್ಲದೆ ತೋರಿಸಿದ್ದು ಪ್ರೋಗ್ರಾಮರ್‌ನ ಒಲವು. ಆ ಕಸುಬಿಗೆ ಬೇಕಾದ ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಸದಿಶ ಮತ್ತು ಮ್ಯಾಟ್ರಿಕ್ಸ್ ಆತ ಬಿಡಲು ಹೊರಟಿದ್ದ ಪದವಿಯಲ್ಲಿಯೇ ಇದ್ದವು. ಕಾವಲುಗಾರನಿಗೆ ದಾರಿ ಹುಡುಕಿಕೊಡುವ 'ಎ-ಸ್ಟಾರ್' ವಿಧಾನ 1968ರದು. ನಪಾಸಾದ ಗ್ರಾಫಿಕ್ಸ್ ಪತ್ರಿಕೆಯಲ್ಲಿ ಕೈಯಿಂದ ಲೆಕ್ಕ ಮಾಡಿ ಬರೆಯಬೇಕಾಗಿದ್ದ ಬ್ರೆಸೆನ್‌ಹ್ಯಾಮ್‌ರ ಗೆರೆ ಎಳೆಯುವ ವಿಧಾನ ಅದಕ್ಕೂ ಹಿಂದಿನದು. ಒಂದನ್ನು ಆತ ರಾತ್ರಿಯಿಡೀ ಕೂತು ಕಲಿತಿದ್ದ, ಇನ್ನೊಂದನ್ನು ತೆರೆದೇ ನೋಡಿರಲಿಲ್ಲ. ಎರಡೂ ಒಂದೇ ಜಾತಿಯ ವಿದ್ಯೆಯೆಂದು ಯಾರೂ ಆತನಿಗೆ ಹೇಳಿರಲಿಲ್ಲ. ಇದು ಕಲಿಸುವವರ ಕೊರತೆಯೆಂದು ನಾನು ನೇರವಾಗಿಯೇ ಹೇಳುತ್ತೇನೆ.

ನಾಲ್ಕನೆಯ ಭೇಟಿಗೆ ತಾಯಿಯೂ ಬಂದರು. ಅದಕ್ಕೂ ಮೊದಲು, ಉಳಿದಿರುವ ಎರಡೂ ವಿಷಯಗಳ ಸಂಗತಿಯನ್ನು ಮಗನೇ ಮನೆಯಲ್ಲಿ ಹೇಳಬೇಕೆಂದು ಒಪ್ಪಂದವಾಗಿತ್ತು; ಹೇಳಿದ್ದ. ಎರಡು ದಿನ ಮಾತು ಬಿಟ್ಟಿದ್ದ ತಂದೆ ನನ್ನೆದುರು ಕೇಳಿದ್ದು ಒಂದೇ ಪ್ರಶ್ನೆ: ಈ ಕೆಲಸ ನಮ್ಮ ಕಡೆ ಇದೆಯೇ? ಇದೆ ಎಂದೆ. ಆಟ ತಯಾರಿಸುವ ಫ್ರಾನ್ಸ್‌ನ ಕಂಪನಿ ಯೂಬಿಸಾಫ್ಟ್‌ನ ಪುಣೆ ಸ್ಟುಡಿಯೊ 2008ರಿಂದ ಇದೆ. 'ರಾಜಿ' ಎಂಬ, ನಮ್ಮ ಪುರಾಣಗಳ ಜಾಡಿನ ಆಟವನ್ನು 2020ರಲ್ಲಿ ಹೊರತಂದ ನಾಡಿಂಗ್ ಹೆಡ್ಸ್ ಗೇಮ್ಸ್ ಪುಣೆಯದೇ. ಅವರು 2017ರಲ್ಲಿ ಜನರಿಂದ ಹಣ ಕೂಡಿಸಲು ಮಾಡಿದ ಪ್ರಯತ್ನ ಗುರಿ ಮುಟ್ಟಿರಲಿಲ್ಲ, ಆಟ ಹೊರಬರಲು ಮತ್ತೆ ಮೂರು ವರ್ಷ ಹಿಡಿಯಿತು ಎಂಬುದನ್ನೂ ಸೇರಿಸಿಯೇ ಹೇಳಿದೆ. ಉದ್ಯಮದ ಏರಿಳಿತವನ್ನೂ ಮುಚ್ಚಿಡಲಿಲ್ಲ. 2024ರ ಜನವರಿ ಒಂದೇ ತಿಂಗಳಲ್ಲಿ ಮೈಕ್ರೋಸಾಫ್ಟ್‌ನ ಗೇಮಿಂಗ್ ವಿಭಾಗ 1900 ಜನರನ್ನು, ಯೂನಿಟಿ ಸುಮಾರು 1800 ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿದವು. ಇದನ್ನು ಹೆದರಿಸಲು ಹೇಳಿದ್ದಲ್ಲ. ಇಂಥ ಕಾಲದಲ್ಲಿ ಕಂಪ್ಯೂಟರ್ ಪದವಿ ಇರುವ ಪ್ರೋಗ್ರಾಮರ್ ಬೇರೆ ತಂತ್ರಾಂಶ ಕೆಲಸಕ್ಕೆ ಹೋಗಿ ಮತ್ತೆ ಹಿಂದಿರುಗಬಲ್ಲ, ಖಾಸಗಿ ಪ್ರಮಾಣಪತ್ರ ಮಾತ್ರ ಇರುವವನಿಗೆ ಆ ದಾರಿ ಕಿರಿದು. ವಿದೇಶದ ಸ್ಟುಡಿಯೊ ಆತನ ಕನಸಾಗಿದ್ದುದರಿಂದ, ಅಮೆರಿಕದ ಎಚ್-1ಬಿ ವೀಸಾ ಪದವಿಯನ್ನು ಅಥವಾ ಅದಕ್ಕೆ ಸಮಾನವೆಂದು ತೋರಿಸಬಲ್ಲ ಅರ್ಹತೆಯನ್ನು ಕೇಳುತ್ತದೆ ಎಂಬುದನ್ನೂ ಗಮನಕ್ಕೆ ತಂದೆ.

ಕೊಟ್ಟ ಸಲಹೆ ಇದು. ಪದವಿ ಮುಗಿಸಬೇಕು, ಆದರೆ ಆಟವನ್ನು ಅಟ್ಟಕ್ಕೆ ಹಾಕಿ ಅಲ್ಲ. ಡಿಸೆಂಬರ್ ಪರೀಕ್ಷೆಯವರೆಗೆ ದಿನಕ್ಕೆ ಎರಡು ಗಂಟೆ ಉಳಿದ ವಿಷಯಗಳಿಗೆ, ಅದೂ ಬೆಳಗಿನ ಹೊತ್ತಿನಲ್ಲಿ. ರಾತ್ರಿ ಹತ್ತರವರೆಗಿನ ಒಂದೂವರೆ ಗಂಟೆ ಆಟದ ಕೆಲಸಕ್ಕೆ, ಮತ್ತು ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಆತನನ್ನು ಕೆಣಕುವಂತಿಲ್ಲ. ಈ ಕೊನೆಯ ಷರತ್ತು ತಂದೆಗೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಕಾವಲುಗಾರನ ದೃಷ್ಟಿ ಮತ್ತು ದಾರಿ ಹುಡುಕುವಿಕೆಯನ್ನೇ ವಿಷಯವಾಗಿ ಕೇಳಿಕೊಳ್ಳಬೇಕು. ತರಬೇತಿಯ ಶುಲ್ಕಕ್ಕೆಂದು ತಂದೆ ಊರಿನ ಇಪ್ಪತ್ತು ಗುಂಟೆ ಹೊಲ ಮಾರುವ ಯೋಚನೆಯಲ್ಲಿದ್ದರು. ಅದನ್ನು ಮುಟ್ಟುವುದು ಬೇಡವೆಂದೆ. ಕಲಿಯಲು ಬೇಕಾದ ಸಲಕರಣೆ ಈ ಕ್ಷೇತ್ರದಲ್ಲಿ ದುಬಾರಿಯಲ್ಲ: ಆಟ ತಯಾರಿಸುವ ತಂತ್ರಾಂಶಗಳಲ್ಲಿ ಗೋಡೋ ಪೂರ್ತಿ ಉಚಿತ, ಯೂನಿಟಿ ಆರಂಭದವರಿಗೆ ಉಚಿತ, ಅನ್‌ರಿಯಲ್ ಒಂದು ಆಟ ಹತ್ತು ಲಕ್ಷ ಡಾಲರ್ ದುಡಿಯುವವರೆಗೆ ಪಾಲು ಕೇಳುವುದಿಲ್ಲ, ಮುಗಿದ ಆಟವನ್ನು ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಮಾರಾಟಕ್ಕಿಡುವ ಶುಲ್ಕ 100 ಡಾಲರ್.

ಎಂಜಿನಿಯರಿಂಗ್‌ಗಾಗಿ ಪಡೆದಿದ್ದ ಶಿಕ್ಷಣ ಸಾಲದ ಬಗ್ಗೆ ಬ್ಯಾಂಕಿನಲ್ಲಿ ವಿಚಾರಿಸಿ ಬರಲು ಹೇಳಿದ್ದೆ. ಓದು ಮುಗಿಸಿದರೆ ಕಂತು ಶುರುವಾಗಲು ಇನ್ನೂ ಸಮಯವಿದೆ, ನಡುವೆ ಬಿಟ್ಟರೆ ಆ ರಿಯಾಯಿತಿ ಇರದು ಎಂದು ಅಲ್ಲಿ ತಿಳಿಸಿದ್ದರು. ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುವ ನಡುವೆ ಬಿಟ್ಟು ಮತ್ತೆ ಸೇರುವ ಅವಕಾಶವನ್ನು ಆತ ಪ್ರಸ್ತಾಪಿಸಿದ. ಅದು ತನ್ನ ತಂಡಕ್ಕೆ ಅನ್ವಯಿಸುತ್ತದೆಂದು ಕಾಲೇಜು ಬರವಣಿಗೆಯಲ್ಲಿ ಕೊಡದ ಹೊರತು ಅದನ್ನು ನಂಬಿ ಹೆಜ್ಜೆ ಇಡಬಾರದು ಎಂದೆ.

ಇದೇ ಸಲಹೆಯನ್ನು ಎಲ್ಲರಿಗೂ ಕೊಡುತ್ತೇನೆಂದು ಓದುಗರು ತಿಳಿಯಬಾರದು. ಗುಳಿಗೆಗಳ ಬದಲು ಆ ಲ್ಯಾಪ್‌ಟಾಪ್‌ನಲ್ಲಿ ಕೈಯಿಂದ ಬರೆದ ಮಾವಿನ ತೋಪು ಇದ್ದಿದ್ದರೆ, ಆತ ಮೊದಲ ವರ್ಷದಲ್ಲಿದ್ದಿದ್ದರೆ, ಕೋಡ್ ಬರೆಯುವುದೇ ಆತನಿಗೆ ಬೇಸರವಾಗಿದ್ದರೆ, ಎಂಜಿನಿಯರಿಂಗ್ ಬಿಡಿಸಿ ಕಲೆಯ ಒಳ್ಳೆಯ ಶಿಕ್ಷಣಕ್ಕೆ ಕಳಿಸಲು ನಾನೇ ತಂದೆಯನ್ನು ಒಪ್ಪಿಸುತ್ತಿದ್ದೆ. ಆಗಲೂ, ಹಿಂದಿನ ತಂಡದ ಮೂವರು ವಿದ್ಯಾರ್ಥಿಗಳೊಂದಿಗೆ ಮಾತನಾಡದೆ, ಕಲಿಸುವವರು ಯಾವ ಆಟ ಮುಗಿಸಿ ಹೊರತಂದಿದ್ದಾರೆಂದು ತಿಳಿಯದೆ, ಬಿಟ್ಟರೆ ಶುಲ್ಕ ಎಷ್ಟು ಹಿಂದಿರುಗುತ್ತದೆಂಬುದನ್ನು ಲಿಖಿತವಾಗಿ ಪಡೆಯದೆ ಮುಂಗಡ ಕಟ್ಟಬೇಡಿ ಎನ್ನುತ್ತಿದ್ದೆ. ಹಬ್ಬದ ರಿಯಾಯಿತಿಯ ಗಡುವು ಹಾಕಿ ಮಕ್ಕಳ ಭವಿಷ್ಯದ ನಿರ್ಧಾರವನ್ನು ಅವಸರಿಸುವ ಯಾವ ಸಂಸ್ಥೆಯನ್ನೂ ನಾನು ಶಿಫಾರಸು ಮಾಡುವುದಿಲ್ಲ.

ಹೋಳಿ ಮುಗಿದ ಮೇಲೆ ಮೂವರೂ ಮತ್ತೊಮ್ಮೆ ಬಂದಿದ್ದರು. ಎಂ-3 ಪಾಸಾಗಿತ್ತು; ಗ್ರಾಫಿಕ್ಸ್ ನಾಲ್ಕು ಅಂಕಗಳಿಂದ ಮತ್ತೆ ಉಳಿದಿತ್ತು, ಬೇಸಿಗೆಯ ಪರೀಕ್ಷೆಗೆ ತಯಾರಿ ನಡೆದಿತ್ತು. ಈ ಬಾರಿ ಅದನ್ನು ತಂದೆಗೆ ಫಲಿತಾಂಶದ ದಿನವೇ ಹೇಳಿದ್ದ. ಪ್ರಾಜೆಕ್ಟ್‌ಗೆ 'ಆಟ' ಎಂಬ ಹೆಸರು ಬೇಡವೆಂದು ಗೈಡ್ ಹೇಳಿದ್ದರಿಂದ 'ಚಲಿಸುವ ಅಡೆತಡೆಗಳ ನಡುವೆ ಮಾರ್ಗಶೋಧನೆ' ಎಂಬ ಶೀರ್ಷಿಕೆ ಯೋಚಿಸಿಕೊಂಡಿದ್ದ. ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಿಗ್ಗೆ ತಂದೆ ಆ ಆಟವನ್ನು ಆಡಿ ನೋಡಿದ್ದರಂತೆ. ಮೂರು ಸಲ ಸಿಕ್ಕಿಬಿದ್ದು, ನಾಲ್ಕನೆಯ ಸಲ ಕಾವಲುಗಾರನ ಬೆನ್ನ ಹಿಂದೆಯೇ ಕಾಯಿ ಕಿತ್ತು ದಾಟಿ, "ಇವನ ಬೆನ್ನಾಗ ನಾ ಇಷ್ಟು ಸಪ್ಪಳ ಮಾಡೀನಿ, ಇವಗ ಕಿವಿ ಇಲ್ಲೇನೋ?" ಎಂದು ಕೇಳಿದರಂತೆ. ಆತ ಈಗ ಕಾವಲುಗಾರನಿಗೆ ಕಿವಿ ಬರೆಯುತ್ತಿದ್ದಾನೆ.